ತಾರಸಿ ಮೇಲಿನ ತೋಟ

ಜಯನಗರದ ಒಂದು ಗೇಟಿನ ಬಳಿ ಸೊಪ್ಪಿನಮ್ಮ, ರಾಯರು.

– ಏನ್ ಸ್ವಾಮಿ, ತೋಟ ಮಾಡ್ತೀರಂತೆ?

– ಹೂಂ ಕಣಮ್ಮ. ಕುಂಡ ಬಂತು, ಕೋಕೊಪೀಟ್ ಬಂತು, ಪಿಎಚ್ ಮೀಟರೂ ಬಂತು.

– ಬೀಜ?

– ತಡಿ, ಕೋರ್ಸ್ ಮುಗೀಲಿ. ಮಣ್ಣು ಮುಟ್ಟೋ ಪಾಠ ಕೊನೇದು.

– ಕುಂಡ ಸರಿ, ಕುಂಡಲಿ ತೋರಿಸಿದ್ರಾ?

– ತಮಾಷೆ ಬೇಡ. ಫೋಟೊ ಹಾಕಿದೆ, 300 ಲೈಕು!

– ಖಾಲಿ ಕುಂಡಕ್ಕಾ? ಫಸಲು ಚೆನ್ನಾಗೇ ಬಂದಿದೆ ಬಿಡಿ.

– ಮೆಂತ್ಯ ಎಷ್ಟು ದಿನಕ್ಕೆ ಬರತ್ತೆ?

– 3–4 ದಿನಕ್ಕೆ ಮೊಳಕೆ, ತಿಂಗಳಿಗೆ ಸಾರು. ಬೀಜ ನಿಮ್ಮನೆ ಸಾಂಬಾರ ಡಬ್ಬೀಲೇ ಇದೆ.

– ಅದು ಆರ್ಗ್ಯಾನಿಕ್ಕಾ?

– ಅಮ್ಮಾವ್ರನ್ನ ಕೇಳಿ. ಕೊತ್ತಂಬರಿ ಆದ್ರೆ ಎರಡು ಹೋಳು ಮಾಡಿ ಹಾಕಿ.

– ಅದಕ್ಕೆ ಮಷೀನ್ ಎಲ್ಲಿ ಸಿಗತ್ತೆ?

– ಕಾಲಲ್ಲೇ ಇದೆಯಲ್ಲ ಸ್ವಾಮಿ, ಚಪ್ಪಲಿ! ಮೆಲ್ಲಗೆ ಉಜ್ಜಿ.

– ಹ್ಞಾಂ... ಸದ್ಯಕ್ಕೆ ಎರಡು ಕಟ್ಟು ಕೊಡಮ್ಮ.

– 40 ರೂಪಾಯಿ. ಬೇರು ಸಮೇತ ಇದೆ, ಕುಂಡದಲ್ಲಿ ನಿಲ್ಲಿಸಿ ಫೋಟೊ ತೆಗೀರಿ.