ಬೋಲ್ಟಿಗೂ ಬಂದೂಕಿಗೂ ಒಂದೇ ನಂಬರು

ರಾಯಚೂರಿಗೂ ಬಂದೂಕಿಗೂ ಹಳೇ ನಂಟು. 1520ರಲ್ಲಿ ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದಾಗ, ಗೋಡೆಯ ಮೇಲೆ ತಲೆ ಎತ್ತಿದವರನ್ನು ಪೋರ್ಚುಗೀಸ್ ಬಂದೂಕುಗಾರರು ಗುರಿಯಿಟ್ಟು ಉರುಳಿಸಿದ್ದರು. ಆ ಬತ್ತಿಕೋವಿಗಳೆಲ್ಲ ಕೈಕೆಲಸದವು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆಂಬ ಆಸೆಯೇ ಇರಲಿಲ್ಲ, ಹಾಗಾಗಿ ತಂಟೆಯೂ ಇರಲಿಲ್ಲ.

ಅಂಥ ಆಸೆ ಹುಟ್ಟಿಸುವ ಬಂದೂಕು ನಮ್ಮ ಪೊಲೀಸರ ಹೆಗಲೇರಿದ್ದ .303 ಲೀ-ಎನ್‌ಫೀಲ್ಡ್. ಆದರೆ ಕಾರ್ಖಾನೆಯಲ್ಲಿ, ನಳಿಗೆಯ ಹಿಂಬಾಯಿ ಮುಚ್ಚುವ ಒಂದೊಂದು ಬೋಲ್ಟನ್ನೂ ಅದರದೇ ರೈಫಲ್ಲಿಗೆ ಹೊಂದಿಸಿ, ಎರಡಕ್ಕೂ ಒಂದೇ ನಂಬರು ಹೊಡೆಯುತ್ತಿದ್ದರು. ಎಣ್ಣೆ ಒರೆಸುವಾಗ ಬೋಲ್ಟುಗಳನ್ನೆಲ್ಲ ಒಂದೇ ಬುಟ್ಟಿಗೆ ಸುರಿದರೋ, ಅಂಬಾಮಠದ ಜಾತ್ರೆಯ ಚಪ್ಪಲಿ ರಾಶಿಯೇ ಸೈ.

ಬೋಲ್ಟು ಅದಲುಬದಲಾದರೂ ದೇವದುರ್ಗದ ನಮ್ಮ ಸೋದರಮಾವನದು ಒಂದೇ ವಾದ: “ಕುಂತತಲ್ಲೋ, ಮತ್ತೇನು?” ಕುಂತರೆ ಸಾಲದು ಮಾವ! ಬೋಲ್ಟಿಗೂ ನಳಿಗೆಗೂ ನಡುವೆ ಸಂದು ಹೆಚ್ಚಾದರೆ ಗುಂಡಿನ ಕೋಶ ಸೀಳಿ ಬಿಸಿಗಾಳಿ ಮುಖಕ್ಕೆ ನುಗ್ಗುತ್ತದೆ. ಆ ಸಂದು ಅಳೆಯುವ 0.074 ಇಂಚಿನ ಗೇಜಿನ ಮೇಲೆ ಬೋಲ್ಟು ಮುಚ್ಚಿಕೊಂಡರೆ ಆ ರೈಫಲ್ಲು ಫೇಲು. ಮುಂದೆ ಬಂದ ‘ನಂಬರ್ 4’ ಮಾದರಿಗೆ ಬೋಲ್ಟಿನ ತಲೆಯನ್ನೇ 0ಯಿಂದ 3ರವರೆಗೆ ನಾಲ್ಕು ಅಳತೆಯಲ್ಲಿ ಮಾಡಿದರು. ತಲೆ ಬದಲಿಸಿದರೆ ಸಾಕು, ಮೈ ಅದೇ. ಈ ಸೌಲಭ್ಯ ಮಾವನಿಗಿಲ್ಲ.

ಕೂರದ ಬೋಲ್ಟಿಗೆ ಊರ ಕಮ್ಮಾರನಿಂದ ಅರ ಉಜ್ಜಿಸೋಣವೆಂದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಿಪೇರಿಗೂ ಪರವಾನಗಿ ಬೇಕು. ಇನ್ನು ನಂಬರು ನೋಡುವ ಮಾತಿಗೆ ಬಂದರೆ, ಮಾನ್ವಿಯ ಗೆಳೆಯನೊಬ್ಬ ಬೆಳೆ ಕಾಯುವ ತನ್ನ ಒಂಟಿನಳಿಗೆಯನ್ನು ಚುನಾವಣೆಗೆ ಮುಂಚೆ ಠಾಣೆಗೊಪ್ಪಿಸುತ್ತಾನೆ. ಮರಳಿ ತರುವಾಗ ನಂಬರು ನೋಡುವುದಿಲ್ಲ, ನೋಡುವುದು ಹೆಗಲಪಟ್ಟಿಯನ್ನು. ಪಟ್ಟಿ ಹೊಸ ಚರ್ಮದ್ದು, ಬಂದೂಕಿಗಿಂತ ಜೋರಾಗಿದೆ.