ಸಾರಿಗೆ ಹನಿ ಹಾಕುವ ಕೈಗಳಿಗೆ

ಶಿಕಾರಿಪುರ, ಸೊರಬ ಸೀಮೆಯ ಅಮ್ಮಂದಿರೇ, ಅಕ್ಕಂದಿರೇ, ಅತ್ತಿಗೆಯರೇ,

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಹಿಂದೆ ಪುಟ್ಟ ಬಾಟಲಿಯೊಂದನ್ನು ಬಚ್ಚಿಟ್ಟುಕೊಂಡಿರುವ ನಿಮಗೇ ಈ ಪತ್ರ. ಆನವಟ್ಟಿ ಹತ್ತಿರದ ನಮ್ಮ ಮನೆಯಲ್ಲಿ ನಾನೂ ಇಟ್ಟಿದ್ದೆ. ಎಂಟು ತಿಂಗಳು ಅಣ್ಣನ ಸಾರಿಗೆ ಮಾನಸಿಕ ಕಾಯಿಲೆಯ ಔಷಧಿಯಾದ ಹ್ಯಾಲೋಪೆರಿಡಾಲ್ ಹನಿ ಬೆರೆಸಿ ಬಡಿಸಿದವಳು ನಾನು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. "ನನಗೇನಾಗಿದೆ ಅಂತ ಔಷಧಿ?" ಎಂದು ತಟ್ಟೆ ಎಸೆಯುವವನಿಗೆ ಬೇರೆ ಹೇಗೆ ಕೊಡುವುದು? ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ.

ಔಷಧಿಯನ್ನೂ ಬೈಯುವುದಿಲ್ಲ. ಬೆಲ್ಜಿಯಂನ ಪಾಲ್ ಯಾನ್ಸೆನ್ 1958ರಲ್ಲಿ ಕಂಡುಹಿಡಿದದ್ದು. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಮಾಡಿದ ಮೊದಲ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇತ್ತು. ರಾತ್ರಿಯಿಡೀ ಯಾರಿಗೂ ಕೇಳದ ದನಿಗಳ ಜೊತೆ ಜಗಳವಾಡುತ್ತಿದ್ದ ಅಣ್ಣ ಎರಡನೇ ತಿಂಗಳಿಗೆ ತಾನಾಗಿ ಕೊಟ್ಟಿಗೆಗೆ ಹೋಗಿ ಹಾಲು ಕರೆದ. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇದ್ದವರನ್ನು ಊರೂರಲ್ಲಿ ಹುಡುಕಿ, ವರ್ಷವಿಡೀ ಗಮನಿಸಿದ್ದರು. ಔಷಧಿ ತೆಗೆದುಕೊಂಡವರ ಬದುಕು ಸುಧಾರಿಸಿತು, ತೆಗೆದುಕೊಳ್ಳದವರು ಇದ್ದಲ್ಲೇ ಇದ್ದರು ಎಂದು 2009ರಲ್ಲಿ ಬರೆದರು.

ಆದರೆ ಹನಿ ಶುರುಮಾಡಿದ ಮೂರನೇ ದಿನದ ಸಂಜೆಯ ಕಥೆ ಕೇಳಿ. ಅಣ್ಣನ ಕತ್ತು ಬಲಕ್ಕೆ ತಿರುಚಿಕೊಂಡು ನಿಂತುಬಿಟ್ಟಿತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು, ನಾಲಿಗೆ ಹೊರಗೆ ಬಂದಿತ್ತು. "ಗಾಳಿ ಮೆಟ್ಟಿದೆ" ಅಂದರು ದೊಡ್ಡಪ್ಪ. ನಿಂಬೆಹಣ್ಣು ಬಂತು, ತಾಯತ ಬಂತು, ಬೇವಿನ ಸೊಪ್ಪಿನ ಏಟೂ ಬಿತ್ತು. ಬಾಟಲಿ ಬಯಲಾದೀತೆಂದು ನಾನು ತುಟಿ ಬಿಚ್ಚಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಒತ್ತಿ ಕೇಳಿದಾಗ ಕಿವಿಯಲ್ಲಿ ಹೇಳಿದೆ. ಫೆನರ್ಗಾನ್ ಇಂಜೆಕ್ಷನ್ ಕೊಟ್ಟರು; ಅರ್ಧ ಗಂಟೆಯಲ್ಲಿ ಕತ್ತು ನೇರವಾಯಿತು. ಅಷ್ಟಕ್ಕೆ ಅವನು ಒಂದು ಇಡೀ ರಾತ್ರಿ ಪೆಟ್ಟು ತಿಂದಿದ್ದ.

ಹೀಗಾಗಬಹುದೆಂದು ಬಾಟಲಿ ಬರೆದುಕೊಟ್ಟವರು ಹೇಳಿರಲಿಲ್ಲ, ಮಾರಿದವರೂ ಹೇಳಿರಲಿಲ್ಲ. ಆಮೇಲೆ ತಿಳಿದುಕೊಂಡೆ: ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ಈ ಔಷಧಿ ತಡೆಯುತ್ತದೆ, ದನಿಗಳು ಅಡಗುವುದು ಅದರಿಂದಲೇ. ಕೈಕಾಲು ಸಲೀಸಾಗಿ ಆಡಲಿಕ್ಕೂ ಅದೇ ಡೋಪಮೈನ್ ಬೇಕು. ಹಾಗಾಗಿ ಕೆಲವರಿಗೆ ಕತ್ತು ತಿರುಚುತ್ತದೆ, ಅದೂ ಹರೆಯದ ಗಂಡಸರಿಗೆ ಹೆಚ್ಚು. ಕೆಲವರ ಮೈ ಮರಗಟ್ಟಿ, ಕೈ ನಡುಗಿ, ಜೊಲ್ಲು ಸುರಿಯುತ್ತದೆ. ಇನ್ನು ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಅಣ್ಣ ಜಗಲಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದಾಗ ನಾನು ಕಾಯಿಲೆ ಕೆರಳಿತೆಂದು ಇನ್ನೆರಡು ಹನಿ ಹೆಚ್ಚಿಗೆ ಹಾಕಿದೆ. ಚಡಪಡಿಕೆ ಔಷಧಿಯದ್ದೇ ಆಗಿತ್ತು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ವರ್ಷಗಟ್ಟಲೆ ತೆಗೆದುಕೊಂಡವರ ಬಾಯಿ ನೋಡಿ. ಅಡಿಕೆ ಹಾಕಿಕೊಳ್ಳದೆಯೇ ಎಲೆಅಡಿಕೆ ಜಗಿಯುವ ಹಾಗೆ ದವಡೆ ಆಡುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಅದು ಕೆಲವೊಮ್ಮೆ ಹೋಗುವುದೇ ಇಲ್ಲ. ಇನ್ನೊಂದು ಜ್ವರದ ಮಾತು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಮೈ ಸುಟ್ಟರೆ ನಮ್ಮ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಈ ಔಷಧಿ ತೆಗೆದುಕೊಳ್ಳುವವರಿಗೆ ಜೋರು ಜ್ವರದ ಜೊತೆ ಮೈ ಕೊರಡಿನಂತೆ ಸೆಟೆದು, ಬೆವರಿ, ಮಂಕು ಕವಿದರೆ ಅದು ಔಷಧಿಯಿಂದಲೇ ಬಂದ, ಜೀವ ತೆಗೆಯಬಲ್ಲ ಸ್ಥಿತಿ ಇರಬಹುದು. ಆಗಲೂ ಬಾಟಲಿಯ ಗುಟ್ಟು ಕಾಪಾಡುತ್ತಾ ಕೂತರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಶಿಕಾರಿಪುರದ ದೇವರ ಹೆಸರೇ ಹುಚ್ಚರಾಯಸ್ವಾಮಿ. ಮಕ್ಕಳಿಗೆ ಹುಚ್ಚರಾಯಪ್ಪ ಎಂದು ಹೆಸರಿಟ್ಟು ತೊಟ್ಟಿಲು ತೂಗಿದ ಸೀಮೆ ನಮ್ಮದು. ಹುಚ್ಚು ಎಂಬ ಮಾತು ದೇವರಿಗಾದರೆ ಕೈ ಮುಗಿಯುತ್ತೇವೆ, ನಮ್ಮ ಮನೆಯವನಿಗಾದರೆ ಬಾಗಿಲು ಹಾಕಿಕೊಳ್ಳುತ್ತೇವೆ.

ಸಾರಿಗೆ ಹನಿ ಹಾಕುತ್ತಿರುವುದನ್ನು ಅವನಿಗೆ ಹೇಳಿ. ಸ್ವಲ್ಪ ಸಮಾಧಾನವಾಗಿರುವ ದಿನ ನೋಡಿ ಹೇಳಿ. ತನಗೆ ಕೊಡುವ ಔಷಧಿ ಯಾವುದು, ಅದರ ಅಡ್ಡಪರಿಣಾಮ ಏನು ಎಂದು ತಿಳಿಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಅವನಿಗೆ ಕೊಟ್ಟಿದೆ. ಹೇಳಲು ಧೈರ್ಯ ಸಾಲದಿದ್ದರೆ ಮೊದಲು 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಈ ಪತ್ರ ಓದಿ ಹೆದರಿ ಮಾತ್ರ ಹನಿಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸಬಹುದು. ಕಡಿಮೆ ಮಾಡುವುದನ್ನೂ ಬದಲಿಸುವುದನ್ನೂ ಡಾಕ್ಟರಿಗೇ ಬಿಡಿ.

ನಾನು ಹೇಳಿದ ಮೇಲೆ ಅಣ್ಣ ಎರಡು ದಿನ ನನ್ನ ಕೈಯ ಅನ್ನ ಮುಟ್ಟಲಿಲ್ಲ. ಮೂರನೇ ದಿನ ಬಂದು, "ಎಷ್ಟು ಹನಿ ಹಾಕ್ತಿದ್ದೆ?" ಎಂದು ಕೇಳಿದ. ಈಗ ಅವನೇ ಡಾಕ್ಟರ ಮುಂದೆ ಕೂತು ಕಾಲಿನ ಚಡಪಡಿಕೆ ಹೇಳಿಕೊಳ್ಳುತ್ತಾನೆ. ಪ್ರಮಾಣ ಇಳಿಸಿದ್ದಾರೆ. ರಾತ್ರಿ ಊಟವಾದ ಮೇಲೆ ತಾನೇ ಮಾತ್ರೆ ಬಿಡಿಸಿ ನುಂಗುತ್ತಾನೆ. ಆದರೆ ನಾನು ಬಡಿಸಿದ ಸಾರನ್ನು ಇವತ್ತಿಗೂ ಒಮ್ಮೆ ಮೂಸಿ ನೋಡಿಯೇ ಉಣ್ಣುತ್ತಾನೆ.

ಇಂತಿ,
ಸೊರಬ ತಾಲ್ಲೂಕಿನ ಒಬ್ಬ ತಂಗಿ