ವಾರಾಂತ್ಯಕಾಲ ಮೀಮಾಂಸೆ

ಚೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರದ ಹಳೆಯ ಪುರಭವನದ ಗೋಡೆಯಲ್ಲಿ 1410ರಿಂದ ನೆಲೆಸಿರುವ ಖಗೋಳ ಗಡಿಯಾರವು, ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹಿಮಿಯಾ ಕಾಲ, ಹಗಲನ್ನು ಹನ್ನೆರಡು ಪಾಲು ಮಾಡುವ ಬ್ಯಾಬಿಲೋನಿಯಾ ಕಾಲ, ನಾಕ್ಷತ್ರ ಕಾಲ, ಇಂದಿನ ವ್ಯವಹಾರದ ಕಾಲವೆಂದು ನಾಲ್ಕು ಕಾಲಗಳನ್ನು ಒಮ್ಮೆಗೇ ತೋರುವುದೆಂಬುದು ಸರ್ವವಿದಿತ. ಆದರೆ ಐದನೆಯದೊಂದು ಅದರ ಕೆಳಗೆಯೇ ಕತ್ತೆತ್ತಿ ನೆರೆದಿರುವುದನ್ನು ಪೂರ್ವಸೂರಿಗಳು ಗಮನಿಸಲಿಲ್ಲ. ಶನಿವಾರ ಮುಂಜಾನೆ ಇಳಿದು ಭಾನುವಾರ ಸಂಜೆ ಹೊರಡುವ ಯಾತ್ರಿಕನಲ್ಲಿ ಮಾತ್ರ ಪ್ರವರ್ತಿಸುವ ಇದನ್ನು ವಾರಾಂತ್ಯಕಾಲವೆಂದು ಕರೆಯತಕ್ಕದ್ದು.

ಇದರ ಮೊದಲನೆಯ ಲಕ್ಷಣ ಸಂಕೋಚ. 1344ರಲ್ಲಿ ಆರಂಭವಾದ ಸಂತ ವೀಟನ ಮಹಾದೇವಾಲಯವು 1929ರಲ್ಲಿ ಪೂರ್ಣಗೊಂಡಿತು. 585 ವರ್ಷಗಳ ಆ ಪರಿಶ್ರಮವನ್ನು ನಾನು ಇಪ್ಪತ್ತು ನಿಮಿಷಗಳಲ್ಲಿ, ಅವುಗಳಲ್ಲಿ ಎಂಟನ್ನು ಮುಂದಿದ್ದವರ ಬೆನ್ನಚೀಲದ ಪರಿಶೀಲನೆಗೆ ವಿನಿಯೋಗಿಸಿ, ಮುಗಿಸಿದೆನು. ಇದಕ್ಕೆ ಅಪವಾದವುಂಟು. 1618ರಲ್ಲಿ ಪ್ರಾಟೆಸ್ಟೆಂಟ್ ಪ್ರಭುಗಳು ಇಬ್ಬರು ರಾಜಪ್ರತಿನಿಧಿಗಳನ್ನೂ ಒಬ್ಬ ಕರಣಿಕನನ್ನೂ ಅಲ್ಲಿಯ ಕೋಟೆಯ ಕಿಟಕಿಯಿಂದ ಹೊರಕ್ಕೆಸೆಯಲು, ಕ್ಷಣಮಾತ್ರದ ಆ ಪತನವು ಮೂವತ್ತು ವರ್ಷಗಳ ಯುದ್ಧವಾಗಿ ಹಿಗ್ಗಿತು. ಮೂವರೂ ಬದುಕಿಕೊಂಡರು, ಕರಣಿಕನಿಗಂತೂ ಮುಂದೆ ಉನ್ನತಪತನವೆಂಬರ್ಥದ ಬಿರುದೇ ದೊರೆಯಿತು. ದೇವಮಾತೆ ಕೈಯಾಸರೆಯಿತ್ತಳೆಂದು ಕ್ಯಾಥೊಲಿಕರ ಪಕ್ಷ, ಕೆಳಗೆ ತಿಪ್ಪೆಯಿತ್ತೆಂದು ಪ್ರತಿಪಕ್ಷ. ಎರಡು ದಿನ ಆ ಊರಿನ ಕಲ್ಲುಹಾಸಿನ ಬೀದಿಗಳಲ್ಲಿ ಅಂಗಾಲು ಸವೆಸಿದ ನನಗೆ ತಿಪ್ಪೆಯಲ್ಲಿಯೇ ಭಕ್ತಿ ಹೆಚ್ಚು.

ಎರಡನೆಯ ಲಕ್ಷಣವೂ ಇದ್ದಿರಬೇಕು. ನೋಡಲು ಸಮಯ ಸಾಲಲಿಲ್ಲ.

ನಾಲ್ಕನೆಯ ಚಾರ್ಲ್ಸ್ ದೊರೆಯು 1357ನೆಯ ವರ್ಷ, ಒಂಬತ್ತನೆಯ ದಿನ, ಏಳನೆಯ ತಿಂಗಳು, ಬೆಳಗಿನ 5 ಗಂಟೆ 31 ನಿಮಿಷಕ್ಕೆ, ಅಂಕಿಗಳನ್ನು ಹಿಂದುಮುಂದಾಗಿ ಓದಿದರೂ ಒಂದೇ ಬರುವಂಥ ಮುಹೂರ್ತದಲ್ಲಿ, ತನ್ನ ಸೇತುವೆಗೆ ಅಡಿಗಲ್ಲಿಟ್ಟನೆಂಬ ಪ್ರತೀತಿಯಿದೆ. ನನ್ನ ಮುಹೂರ್ತವು, ಹೋಟೆಲಿನಲ್ಲಿ ಬೆಳಗಿನ ತಿಂಡಿ ಬಾಡಿಗೆಯಲ್ಲಿಯೇ ಸೇರಿದ್ದರಿಂದ, ಹತ್ತೂವರೆಗೆ ಕೂಡಿಬಂದಿತು. ಸೇತುವೆಯ ಮೂವತ್ತು ವಿಗ್ರಹಗಳ ಸಾಲಿನಲ್ಲಿ, 1393ರಲ್ಲಿ ಅಲ್ಲಿಂದಲೇ ನದಿಗೆ ನೂಕಿಸಿಕೊಂಡ ನೆಪೊಮುಕ್ಕಿನ ಸಂತ ಜಾನನ ಪಾದಪೀಠದ ಕಂಚಿನ ಫಲಕವು ಸ್ಪರ್ಶಮಾತ್ರದಿಂದ ಹೊಳಪೇರಿದೆ. ಮುಟ್ಟಿದವರು ಈ ನಗರಕ್ಕೆ ಮರಳಿ ಬರುವರಂತೆ. ಎರಡು ದಿನಗಳಲ್ಲಿ ಸರ್ವವನ್ನೂ ಕಂಡವನಿಗೆ ಪುನರಾಗಮನವೇಕೆಂಬ ಪೂರ್ವಪಕ್ಷವನ್ನು ನಾನು ಎತ್ತುವಷ್ಟರಲ್ಲಿ ಹಿಂದಿನ ಸಾಲು ಗೊಣಗತೊಡಗಿತಾಗಿ, ಸಿದ್ಧಾಂತವನ್ನು ಕೈಬಿಟ್ಟು ಫಲಕವನ್ನು ಮುಟ್ಟಿದೆನು.

ಭಾನುವಾರ ಮತ್ತೆ ಗಡಿಯಾರದ ಮುಂದೆ ನಿಂತಾಗ, ಅಸ್ಥಿಪಂಜರವು ಗಂಟೆಯ ಹಗ್ಗವನ್ನೆಳೆಯಿತು, ಅಪೊಸ್ತಲರು ಕಿಟಕಿಗಳಲ್ಲಿ ಸುಳಿದುಹೋದರು, ಹೊನ್ನಿನ ಹುಂಜ ಕೂಗಿತು. ನೂರಾರು ಮೊಬೈಲುಗಳು ಕೆಳಗಿಳಿದ ಮೇಲೆ, ಪಕ್ಕದ ಯಾತ್ರಿಕನೊಬ್ಬನು ನನ್ನತ್ತ ತಿರುಗಿ ಗಂಟೆಯೆಷ್ಟೆಂದು ವಿಚಾರಿಸಿದನು.